ದೀಪ ಹಚ್ಚುವ ಹೊತ್ತಿನ ಬಾಗಿಲು

ಮುಂಡರಗಿಯ ಆ ಮನೆಗೆ ಮೊದಲ ಸಲ ಹೋದಾಗ ಒಂದು ಲೋಟ ನೀರು ಕೈಗೆ ಬರುವ ಮೊದಲೇ ನನ್ನನ್ನು ಮಾಳಿಗೆ ಹತ್ತಿಸಿದರು. ಓಣಿಯ ಆ ಸಾಲಿನ ಮನೆಗಳ ಮಾಳಿಗೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿವೆ. ಒಂದರ ಮೇಲೆ ಮೆಣಸಿನಕಾಯಿ ಹರವಿದ್ದರು, ಇನ್ನೊಂದರ ಮೇಲೆ ಹಳೇ ಸೀರೆ ಹಾಸಿ ಶಾವಿಗೆ ಒಣಗಿಸಿದ್ದರು. ನಡುವಿನ ಗೋಡೆ ಮೊಣಕಾಲಿನೆತ್ತರ. ಹೆಣ್ಣುಮಕ್ಕಳು ಸೀರೆ ನೆರಿಗೆ ತುಸು ಎತ್ತಿಕೊಂಡು ಅದನ್ನು ದಾಟಿ ಓಡಾಡುತ್ತಾರೆ. ಮನೆಯ ಯಜಮಾನರು ಬಜಾರದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟವರು. ಬೆಳಕಿಂಡಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತು, ಹೊಸದಾಗಿ ಹಾಕಿಸಿದ ಕಬ್ಬಿಣದ ಸರಳುಗಳನ್ನು ಬೆರಳಿನಿಂದ ಬಡಿದು ತೋರಿಸಿದರು.

“ಇಲ್ಲಿಂದನ ಇಳದಾನ್ರಿ ಮೇಡಮ್ಮಾರ. ಈಗ ಸರಳ ಹಾಕಸೇನಿ. ನೀವು ಕ್ಯಾಮೆರಾ, ಸೈರನ್ನು ಎಲ್ಲಾ ಕೂಡ್ರಿಸಿಬಿಡ್ರಿ. ಒಟ್ಟ ನಮ್ಮನ್ಯಾಕಿ ಕೂಸಿನ್ನ ಕರಕೊಂಡು ವಾಪಸ್ ಬರೂ ಹಂಗ ಆಗಬೇಕು.”

ನಡೆದದ್ದನ್ನು ಅವರು ಹೇಳಿದ್ದು ಹೀಗೆ. ಒಂದು ಸಂಜೆ ಅವರು ಅಂಗಡಿಯಲ್ಲಿದ್ದರು. ಅವರ ತಾಯಿ ದೇವರಮನೆಯಲ್ಲಿ ಪೂಜೆಗೆ ಕುಳಿತಿದ್ದರು. ಹೆಂಡತಿ ಅಡಿಗೆಮನೆಯಿಂದ ಪಡಸಾಲೆಗೆ ಬಂದರೆ ತೊಟ್ಟಿಲ ಪಕ್ಕ ಗುರುತಿಲ್ಲದ ಗಂಡಸೊಬ್ಬ ನಿಂತಿದ್ದ. ಆಕೆ ಕೂಸನ್ನು ಬಾಚಿಕೊಂಡು ಅಡಿಗೆಮನೆಗೆ ಓಡಿ ಒಳಗಿನಿಂದ ಚಿಲಕ ಹಾಕಿ ಕೂಗಿದಳು. ಮಂದಿ ಕೂಡುವಷ್ಟರಲ್ಲಿ ಆತ ಇರಲಿಲ್ಲ. ಒಂದು ಚಮಚ ಕೂಡ ಕಳುವಾಗಿರಲಿಲ್ಲ. ಮಾಳಿಗೆಯ ಮೆಟ್ಟಿಲಿನ ಬಾಗಿಲು ತೆರೆದಿತ್ತು, ಬೆಳಕಿಂಡಿಯ ಮುಚ್ಚಳ ಸರಿದಿತ್ತು. ಮೇಲಿನಿಂದ ಬಂದ, ಮೇಲಿನಿಂದ ಹೋದ ಎಂದು ಎಲ್ಲರೂ ತೀರ್ಮಾನಿಸಿದರು. ಪೊಲೀಸರು ಬಂದು ನೋಡಿ ಬರೆದುಕೊಂಡು ಹೋದರು, ಓಣಿಯಲ್ಲಿ ಬೀಟು ಹೆಚ್ಚಿಸಿದರು. ಇವರು ಬೆಳಕಿಂಡಿಗೆ ಸರಳು ಹಾಕಿಸಿದರು. ಸರಳು ಹಾಕಿಸಿದ ಮರುದಿನವೇ ಹೆಂಡತಿ ಕೂಸನ್ನೆತ್ತಿಕೊಂಡು ತವರು ಹಿರೇವಡ್ಡಟ್ಟಿಗೆ ಹೊರಟುಹೋದಳು. ಅಲ್ಲಿಂದ ಆಕೆ ಹೇಳುತ್ತಿದ್ದುದು ಒಂದೇ ಮಾತು: ಆ ಮನೆಯಲ್ಲಿ ನನಗೆ ನಿದ್ದೆ ಹತ್ತುವುದಿಲ್ಲ.

ನನಗೆ ಆಗಲೇ ಒಂದು ಕಡೆ ಚುಚ್ಚಿತ್ತು. ಸರಳು ಹಾಕಿದ ಮೇಲೆ ಅಂಜಿಕೆ ಕಡಿಮೆಯಾಗಬೇಕು. ಆಕೆ ಸರಳು ಹಾಕಿದ ಮೇಲೆ ಯಾಕೆ ಹೋದಳು? ಆದರೆ ನಾನು ಕೇಳಲಿಲ್ಲ. ಮನೆಯ ಒಳಗಿನ ಮಾತು ನಮ್ಮ ಕೆಲಸವಲ್ಲ ಎಂದು ಟೇಪು ಹಿಡಿದೆ.

ನಾನು ಅಸುಂಡಿಯವಳು. ಗದಗದಲ್ಲಿ ಕ್ಯಾಮೆರಾ, ಕಳ್ಳಗಂಟೆ ಜೋಡಿಸುವ ಕೆಲಸ ನನ್ನದು. ಎಲೆಕ್ಟ್ರಾನಿಕ್ಸಿನಲ್ಲಿ ಬಿ.ಎಸ್ಸಿ. ನಮ್ಮ ಮನೆತನದಲ್ಲಿ ಹೆಸರಿನ ಮುಂದೆ ಪದವಿ ಬರೆದುಕೊಂಡವರಲ್ಲಿ ನಾನೇ ಮೊದಲಿಗಳು, ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಹೆಂಗಸು ನಿಚ್ಚಣಿಕೆ ಹೊತ್ತು ಬಂದದ್ದನ್ನು ನೋಡಿ “ಮೇಸ್ತ್ರಿ ಎಲ್ಲಿ ಅದಾನು?” ಎಂದು ಕೇಳುವವರಿಗೆ ನನ್ನ ಕಾರ್ಡು ಕೊಡುತ್ತೇನೆ. ಅದರಲ್ಲಿ ಪದವಿಯ ಅಕ್ಷರಗಳನ್ನು ಹೆಸರಿನಷ್ಟೇ ದಪ್ಪಗೆ ಹಾಕಿಸಿದ್ದೇನೆ. ಯಜಮಾನರ ತಾಯಿಗೂ ಕೊಟ್ಟೆ. ಅವರು ಅದನ್ನು ಕಣ್ಣಿನ ಹತ್ತಿರ, ಆಮೇಲೆ ದೂರ ಹಿಡಿದು ನೋಡಿ, ದೇವರಮನೆಯ ಗೂಡಿನಲ್ಲಿ ಇಟ್ಟರು.

“ಕಲಿತಾಕಿ ಅದಿ. ಚಲೋ ಆತು. ಗ್ವಾಡಿ ಭಾಳ ಕೆಡಸಬ್ಯಾಡ.”

ಗೋಡೆ ಕೆಡಿಸದೆ ಕೆಲಸ ಮಾಡುವುದೇ ಅಲ್ಲಿನ ಮೊದಲ ಕಷ್ಟ. ಎರಡು ಅಡಿ ದಪ್ಪದ ಮಣ್ಣಿನ ಗೋಡೆ. ಡ್ರಿಲ್ಲು ಇಟ್ಟರೆ ರಂಧ್ರ ಬೀಳುವುದಿಲ್ಲ, ಹೊಂಡ ಬೀಳುತ್ತದೆ. ಸ್ಕ್ರೂ ಹಿಡಿಯುವುದಿಲ್ಲ. ಹಾಗಾಗಿ ಎಲ್ಲವನ್ನೂ ಮರಕ್ಕೆ ಕೂಡಿಸಿದೆ: ಕ್ಯಾಮೆರಾಗಳನ್ನು ತೊಲೆಗೆ, ಬಾಗಿಲಿನ ಸೆನ್ಸರುಗಳನ್ನು ಚೌಕಟ್ಟಿಗೆ. ಬಾಗಿಲಿನ ಸೆನ್ಸರು ಎಂದರೆ ಎರಡು ತುಂಡು. ಅಯಸ್ಕಾಂತವಿರುವ ತುಂಡು ಕದಕ್ಕೆ, ಇನ್ನೊಂದು ಚೌಕಟ್ಟಿಗೆ. ಕದ ತೆರೆದು ಎರಡೂ ದೂರವಾದರೆ ಪಡಸಾಲೆಯ ಪೆಟ್ಟಿಗೆಗೆ ಸುದ್ದಿ ಹೋಗಿ ಸೈರನ್ನು ಹೊಡೆದುಕೊಳ್ಳುತ್ತದೆ. ಮುಂಬಾಗಿಲು, ಹಿತ್ತಲ ಬಾಗಿಲು, ಮೆಟ್ಟಿಲ ಬಾಗಿಲು, ಮೂರಕ್ಕೂ ಹಾಕಿದೆ. ಹಗಲು ಮನೆಮಂದಿ ಓಡಾಡುವಾಗ ಪೆಟ್ಟಿಗೆಯ ಗುಂಡಿ ಒತ್ತಿ ಬಂದ್ ಮಾಡಬೇಕು, ಸಂಜೆ ಹೊತ್ತು ಮುಳುಗುವ ಮೊದಲು ಮತ್ತೆ ಚಾಲೂ ಮಾಡಬೇಕು. ಆ ತಾಯಿಗೆ ನಾಲ್ಕು ಸಲ ಮಾಡಿ ತೋರಿಸಿದೆ, ನಾಲ್ಕು ಸಲ ಅವರಿಂದ ಮಾಡಿಸಿದೆ.

ಹೊರಡುವಾಗ ನಮ್ಮ ಪದ್ಧತಿಯಂತೆ ಕೇಳಿದೆ. “ಅಮ್ಮಾರ, ಆ ದಿನ ಅಂವ ಬಂದಾಗ ಮುಂಬಾಗಲಾ ಹಾಕಿತ್ತೇನ್ರಿ?”

“ಹಾಕದ ಬಿಡ್ತೀವೇನ? ಎಲ್ಲಾ ಬಾಗಲಾ ಹಾಕಿದ್ದು.”

ಮಗನೂ ಹೌದೆಂದರು. ನಾನೂ ತಲೆಯಾಡಿಸಿದೆ.

ಗದಗಕ್ಕೆ ಬಂದ ಮೇಲೆ ಮೊಬೈಲಿನಲ್ಲಿ ಆ ಮನೆಯ ಪೆಟ್ಟಿಗೆಯ ಮೇಲೆ ಕಣ್ಣಿಟ್ಟಿದ್ದೆ. ದಿನಾಲೂ ಸಂಜೆ ಅದು ಸತ್ತುಹೋಗುತ್ತಿತ್ತು. ಯಜಮಾನರು ಅಂಗಡಿ ಮುಚ್ಚಿ ಮನೆಗೆ ಹೋದ ಮೇಲೆಯೇ ಜೀವ ಬರುತ್ತಿತ್ತು. ಸಂಜೆ ಕರೆಂಟು ಹೋಗುತ್ತಿರಬೇಕು ಅಂದುಕೊಂಡೆ. ಪೆಟ್ಟಿಗೆಗೆ ಹಾಕುವ ಬ್ಯಾಟರಿ ಹುಬ್ಬಳ್ಳಿಯಿಂದ ಬರುವುದು ತಡವಾಗಿತ್ತು. ಈ ನಡುವೆ ಯಜಮಾನರು ಫೋನು ಮಾಡಿದರು.

“ನಿಮ್ಮ ಮಷೀನ ದಿನಾ ಸಂಜಿಗೆ ಮಲಗತೈತಲ್ರೀ. ಇದನ್ನ ನಂಬಿ ನಾ ಆಕಿನ್ನ ಹೆಂಗ ಕರೀಲಿ?”

ಬ್ಯಾಟರಿ ಬಂದ ದಿನವೇ ಮುಂಡರಗಿ ಬಸ್ಸು ಹತ್ತಿದೆ. ಬ್ಯಾಟರಿ ಕೂಡಿಸಿ ಎಲ್ಲ ಬಾಗಿಲುಗಳನ್ನೂ ಪರೀಕ್ಷಿಸಿ ಮುಗಿಸುವಾಗ ಬಿಸಿಲು ಇಳಿದಿತ್ತು. ಆ ತಾಯಿ ಪೆಟ್ಟಿಗೆ ಚಾಲೂ ಮಾಡಿದರು, ತಪ್ಪಿಲ್ಲದೆ. ನನಗೆ ಚಹಾ ಕೊಟ್ಟರು. ನಾನು ಪಡಸಾಲೆಯ ಕಂಬಕ್ಕೆ ಒರಗಿ ಕುಡಿಯುತ್ತ ಕುಳಿತಿದ್ದೆ. ಅವರು ಕೈಕಾಲು ತೊಳೆದು ಬಂದು ಹಿತ್ತಲ ಬಾಗಿಲಿನ ಅಗಳಿ ಹಾಕಿದರು. ಗೋಡೆಯ ಬೋರ್ಡಿನಲ್ಲಿ ಒಂದು ಸ್ವಿಚ್ಚು ಒತ್ತಿದರು. ಆಮೇಲೆ ದೀಪ ಹಿಡಿದು ಬಂದು ಮುಂಬಾಗಿಲಿನ ಎರಡೂ ಕದಗಳನ್ನು ಪೂರ್ತಿ ತೆರೆದರು.

ಸೈರನ್ನು ಹೊಡೆದುಕೊಂಡಿತು.

ದಿನಾಲೂ ಸಂಜೆ ಪೆಟ್ಟಿಗೆಯನ್ನು ಸಾಯಿಸುತ್ತಿದ್ದದ್ದು ಆ ಸ್ವಿಚ್ಚೇ; ಇವತ್ತು ಅದನ್ನು ಒತ್ತಿದರೂ ಪೆಟ್ಟಿಗೆ ಸತ್ತಿರಲಿಲ್ಲ, ಯಾಕೆಂದರೆ ಈಗ ಒಳಗೆ ಬ್ಯಾಟರಿ ಇತ್ತು. ಓಣಿಯ ಮಂದಿ ಕಟ್ಟೆಯ ಮುಂದೆ ಕೂಡಿದರು. ಪಕ್ಕದ ಮನೆಯ ಮುದುಕರೊಬ್ಬರು ಬಡಿಗೆ ಹಿಡಿದೇ ಬಂದಿದ್ದರು. ಆ ತಾಯಿ ಗಾಳಿಗೆ ದೀಪ ಆರದಂತೆ ಸೆರಗು ಅಡ್ಡ ಹಿಡಿದು ನನ್ನ ಕಡೆ ತಿರುಗಿದರು.

“ಮೊದಲ ಇದರ ಬಾಯಿ ಮುಚ್ಚಸು. ಲಕ್ಷ್ಮಿ ಬರೂ ಹೊತ್ತಿನ್ಯಾಗ ಹಿಂಗ ಒದರಿದ್ರ ಆಕಿ ಓಣಿ ತಿರುವಿನಾಗಿಂದನ ಹೊಳ್ಳಿ ಹೋಗ್ತಾಳ.”

ನಿಲ್ಲಿಸಿದೆ. “ಅಮ್ಮಾರ, ನೀವು ಬಾಗಲಾ ತಗದ್ರಿ, ಅದಕ್ಕ ಹೊಡಕೊಂತು.”

“ನಾ ಎಲ್ಲಿ ಬಾಗಲಾ ತಗದೀನಿ? ದೀಪ ಹಚ್ಚೇನಿ.”

ಅವರು ಸುಳ್ಳು ಹೇಳುತ್ತಿರಲಿಲ್ಲ. ದೀಪವನ್ನು ಹೊಸ್ತಿಲ ಪಕ್ಕ ಇಟ್ಟು, ಅರಿಶಿನ-ಕುಂಕುಮ ಏರಿಸಿ, ಕೈಮುಗಿದು ದೇವರಮನೆಗೆ ಹೋದರು. ಬೆನ್ನು ಪಡಸಾಲೆಗೆ, ಮುಖ ದೇವರಿಗೆ. ಗಂಟೆ ಶುರುವಾಯಿತು. ಎರಡೂ ಕದ ತೆರೆದೇ ಇದ್ದವು. ದೀಪ ಹಚ್ಚುವ ಹೊತ್ತಿಗೆ ಹಿಂಬಾಗಿಲು ಹಾಕಿ ಮುಂಬಾಗಿಲು ತೆರೆಯುವುದು ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇದ್ದದ್ದೇ. ಅದನ್ನು ಯಾರೂ ಬಾಗಿಲು ತೆಗೆದಿಡುವುದು ಅನ್ನುವುದಿಲ್ಲ. ಅಸುಂಡಿಯಲ್ಲಿ ನಮ್ಮವ್ವನನ್ನು ಕೇಳಿದರೂ “ಬಾಗಲಾ ಹಾಕಿತ್ತು” ಎಂದೇ ಹೇಳುತ್ತಾಳೆ. ನಾನು ಆ ಪ್ರಶ್ನೆ ಕೇಳಿ ಆ ಉತ್ತರಕ್ಕೆ ತಲೆಯಾಡಿಸಿ ಬಂದದ್ದೂ ಅದಕ್ಕೇ. ನನ್ನ ಕಿವಿಯೂ ಅದೇ ಊರಿನ ಕಿವಿ.

ಅಂಗಡಿಯಲ್ಲಿದ್ದ ಯಜಮಾನರಿಗೆ ಫೋನು ಮಾಡಿ ಸೈರನ್ನು ಯಾಕೆ ಹೊಡೆಯಿತು ಎಂದಷ್ಟೇ ಹೇಳಿದೆ. ಅವರಿಗೆ ನಿರಾಳವಾಯಿತು.

“ಓಹ್, ಇಷ್ಟ ಏನ್ರಿ? ಹಂಗಾರ ಆ ಹೊತ್ತಿನ್ಯಾಗ ತಾನ ಬಂದ್ ಆಗೂ ಹಂಗ ಟೈಮ್ ಇಟ್ಟುಬಿಡ್ರಿ. ಅವ್ವಗೂ ತ್ರಾಸಿಲ್ಲ, ನಿಮಗೂ ತ್ರಾಸಿಲ್ಲ.”

ಅದು ಕುಳಿತಲ್ಲೇ ಮೊಬೈಲಿನಲ್ಲಿ ಮಾಡುವ ಕೆಲಸ. ಮಾಡಿದ್ದರೆ ಆವತ್ತೇ ಮನೆ ಒಪ್ಪಿಸಿ ಬರಬಹುದಿತ್ತು. ಬೆರಳು ಪರದೆಯ ಮೇಲೆ ಇಟ್ಟಿದ್ದೆ. ತೊಟ್ಟಿಲು ಕಣ್ಣಿಗೆ ಬಿತ್ತು. ಅದು ತೊಲೆಯಿಂದ ಖಾಲಿ ತೂಗುತ್ತಿತ್ತು, ತೆರೆದ ಬಾಗಿಲಿನಿಂದ ಏಳೆಂಟು ಹೆಜ್ಜೆ. ಬಂದವನು ಸಂಜೆ ಬಂದಿದ್ದ. ಆ ತಾಯಿ ಪೂಜೆಗೆ ಕುಳಿತಿದ್ದರು. ಮಾಳಿಗೆಯ ಮೇಲೆ ಆ ಹೊತ್ತಿನಲ್ಲಿ ಮೆಣಸಿನಕಾಯಿ ಎತ್ತಲು ಮೂರು ಮನೆಯ ಹೆಣ್ಣುಮಕ್ಕಳು ಇರುತ್ತಾರೆ. ಅವರ ಕಣ್ಣು ತಪ್ಪಿಸಿ ಬೆಳಕಿಂಡಿಯಿಂದ ಇಳಿಯುವುದಕ್ಕಿಂತ...

ಮೊಬೈಲು ಚೀಲದಲ್ಲಿ ಹಾಕಿದೆ. ಮರುದಿನ ಯಜಮಾನರ ಒಪ್ಪಿಗೆ ಪಡೆದು ಹಿರೇವಡ್ಡಟ್ಟಿಗೆ ಹೋದೆ. ಕೂಸು ಮಲಗುವ ಜಾಗದಲ್ಲಿ ಕ್ಯಾಮೆರಾ ಎಲ್ಲಿರಬೇಕೆಂದು ಕೂಸಿನ ತಾಯಿಯನ್ನೇ ಕೇಳಬೇಕು ಅಂತ ಹೇಳಿದ್ದೆ. ಅದು ಸುಳ್ಳಲ್ಲ, ಪೂರ್ತಿ ಖರೆಯೂ ಅಲ್ಲ.

ಆಕೆ ನನಗಿಂತ ಚಿಕ್ಕವಳು. ಹಿತ್ತಲಿನ ಬೇವಿನ ನೆರಳಲ್ಲಿ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ಕಣ್ಣಿನ ಕೆಳಗೆ ಕಪ್ಪು. ಕ್ಯಾಮೆರಾದ ಮಾತಿಗೆ ಹೂಂ ಹೂಂ ಅಂದಳು. ನಾನು ಸುತ್ತು ಬಳಸಲಿಲ್ಲ.

“ತಂಗಿ, ಅಂವ ಮುಂಬಾಗಲದಿಂದ ಬಂದನೇನು?”

ಎಣ್ಣೆಯ ಕೈ ನಿಂತಿತು. ಆಕೆ ಮನೆಯ ಒಳಗೆ ಯಾರಿದ್ದಾರೆ ಎಂದು ನೋಡಿಕೊಂಡಳು.

“ನಾ ಹೇಳೀನಿ ಅನಬ್ಯಾಡ್ರಿ ಅಕ್ಕಾರ.”

“ಅನ್ನೂದಿಲ್ಲ.”

“ಹೊಸ್ತಿಲದ ದೀಪ ದಾಟಿ ಬಂದ. ಅಡಿಗಿಮನ್ಯಾಗಿಂದ ಕಾಲ ಅಷ್ಟ ಕಂಡ್ವು. ನಮ್ಮನ್ಯಾರ ಜಲ್ದಿ ಬಂದಾರ ಅಂತ ತಿಳಕೊಂಡ್ನಿ. ಚಹಾಕ್ಕ ಇಟ್ನಿ, ಅಕ್ಕಾರ. ಅಂವಗ ಅಂತ ಚಹಾ ಮಾಡಿ, ಸೋಸಿ, ಕಪ್ಪು-ಬಸಿ ಹಿಡಕೊಂಡು ಹೊರಗ ಬಂದ್ನಿ. ಅಷ್ಟೂ ಹೊತ್ತ ಅಂವ ನನ್ನ ಕೂಸಿನ ಹಂತ್ಯಾಕ ನಿಂತಿದ್ದ.”

ಕೂಸು ಕಾಲು ಬಡಿಯಿತು. ಆಕೆ ಮತ್ತೆ ಎಣ್ಣೆ ತಿಕ್ಕತೊಡಗಿದಳು.

“ಮನ್ಯಾಗ ಯಾಕ ಹೇಳಲಿಲ್ಲ?”

“ಏನಂತ ಹೇಳ್ಲಿ? ನಮ್ಮತ್ತಿ ಲಗ್ನ ಆಗಿ ಬಂದಾಗಿಂದ ದೀಪ ಹಚ್ಚಿ ಬಾಗಲಾ ತಗೀತಾರ. ನಿಮ್ಮ ಲಕ್ಷ್ಮಿ ಬರೂ ಬಾಗಲದಾಗ ಅಂವ ಬಂದ ಅಂತ ಸೊಸಿ ಅಂದ್ರ ನಾಳಿಂದ ಅವರು ದೀಪಾನ ಹಚ್ಚೂದಿಲ್ಲ. ಇಲ್ಲಾ ನನ್ನ ಮಾರಿ ನೋಡೂದಿಲ್ಲ. ಮೆಟ್ಟಲ ಬಾಗಲಾ, ಬೆಳಕಿಂಡಿ ಮುಚ್ಚಳಾ ಅಡಿಗಿ ಹೊಗಿ ಹೋಗಲಿ ಅಂತ ನಾನ ತಗದಿದ್ನಿ. ಅದನ್ನ ನೋಡಿ ಎಲ್ಲಾರೂ ಮ್ಯಾಲಿಂದ ಬಂದ, ಮ್ಯಾಲಿಂದ ಬಂದ ಅಂದ್ರು. ನಾನೂ ಹೂಂ ಅಂದ್ನಿ. ಅವರು ಬೆಳಕಿಂಡಿಗೆ ಸರಳ ಹಾಕ್ಸಿದ್ರು. ಸಂಜಿಗೆ ಮತ್ತ ಬಾಗಲಾ ತಗದ್ರು. ನನಗ ಆಗಲಿಲ್ರಿ.”

ಬಸ್ಸಿನಲ್ಲಿ ವಾಪಸು ಬರುವಾಗ ಲೆಕ್ಕ ಹಾಕಿದೆ. ಮಗನಿಗೆ ಹೇಳಿದರೆ ಆತ ತಾಯಿಗೆ ಹೇಳುತ್ತಾನೆ, ತಾಯಿ “ನಿನಗ ಯಾರು ಹೇಳಿದ್ರು?” ಅನ್ನುತ್ತಾರೆ, ಮಾತು ಹಿರೇವಡ್ಡಟ್ಟಿಗೆ ಹೋಗಿ ಮುಟ್ಟುತ್ತದೆ. ಯಾರೂ ಹೇಳದೆ ಆ ತಾಯಿಗೆ ತಿಳಿಯಬೇಕು. ಸೆನ್ಸರಿಗೆ ತಂತಿ ಎಳೆಯುವುದು ಕಾಲೇಜಿನಲ್ಲಿ ಕಲಿತೆ. ಇದಕ್ಕೆ ಬೇರೆ ತಂತಿ ಬೇಕಿತ್ತು.

ಯಜಮಾನರಿಗೆ ಫೋನು ಮಾಡಿ, ಇವತ್ತು ಸಂಜೆ ಒಂದು ಪರೀಕ್ಷೆ ಮಾಡುತ್ತೇನೆ, ಸೈರನ್ನು ಬಂದ್ ಮಾಡಿಡುತ್ತೇನೆ, ನೀವು ಅಂಗಡಿಯಲ್ಲೇ ಇರಿ ಎಂದೆ. ಓಣಿಯ ತುದಿಯಲ್ಲಿ ನಿಂತೆ. ಎರಡು ಕದ ತೆರೆದವು, ದೀಪ ಬಂತು, ಗಂಟೆ ಶುರುವಾಯಿತು. ನಾನು ಚಪ್ಪಲಿ ಬಿಟ್ಟು ಕಟ್ಟೆ ಹತ್ತಿ, ದೀಪ ದಾಟಿ ಒಳಗೆ ಹೋದೆ. ಕಟ್ಟೆಯ ಮೇಲೆ ಕುಳಿತವರು ನನ್ನನ್ನು ನೋಡಿದರು, ಮಬ್ಬಿನಲ್ಲಿ ಮುಖದ ಗುರುತು ಹತ್ತದೆ ಬಂಧುಗಳೋ ಗಿರಾಕಿಯೋ ಎಂದು ಸುಮ್ಮನಿದ್ದರು. ಪಡಸಾಲೆ ದಾಟಿ ತೊಟ್ಟಿಲ ಪಕ್ಕದ ಹೊರಸಿನ ಮೇಲೆ ಕುಳಿತೆ. ದೇವರಮನೆಯಲ್ಲಿ ಅವರ ಬೆನ್ನು ಕಾಣುತ್ತಿತ್ತು. ಅಷ್ಟು ಸಲೀಸಾಗಿ ಬೇರೆಯವರ ಮನೆಯ ನಡುವಿಗೆ ಬಂದು ಕುಳಿತದ್ದು ನನಗೇ ಕಸಿವಿಸಿಯಾಗಿತ್ತು.

ಪೂಜೆ ಮುಗಿಸಿ ಮಂಗಳಾರತಿ ತಟ್ಟೆ ಹಿಡಿದು ಹೊರಗೆ ಬಂದವರು ನನ್ನನ್ನು ನೋಡಿ ನಿಂತರು. ತಟ್ಟೆಯಲ್ಲಿ ಕರ್ಪೂರ ಉರಿಯುತ್ತಿತ್ತು.

“ಯವ್ವಾ, ನೀ ಯಾವಾಗ ಬಂದಿ?”

“ನೀವು ಗಂಟಿ ಬಾರಸೂ ಮುಂದ ಬಂದೀನ್ರಿ ಅಮ್ಮಾರ.”

“ಮತ್ತ ನನಗ ಕೇಳಲೇ ಇಲ್ಲಲ...”

ನನ್ನನ್ನು ನೋಡಿದರು, ತೊಟ್ಟಿಲು ನೋಡಿದರು, ಬಾಗಿಲು ನೋಡಿದರು. ಕರ್ಪೂರ ಆರಿತು. ಅವರು ತಟ್ಟೆಯನ್ನು ನೆಲದ ಮೇಲಿಟ್ಟು ಅಲ್ಲೇ ಕುಳಿತರು.

“ಅಂವನೂ ಹಿಂಗ ಬಂದಿರಬೇಕು.”

ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಕೇಳಿದರು. “ನಮ್ಮ ಸೊಸಿಗಿ ಇದು ಗೊತ್ತಿತ್ತೇನು?”

“ಅದನ್ನ ನೀವ ಆಕಿನ್ನ ಕೇಳ್ರಿ.”

“ಗೊತ್ತಿತ್ತು ಬಿಡು,” ಎಂದರು ಅವರು. “ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಹೋಗ್ಯಾಳ. ನಾ ಏನ ಹುಲಿ ಇದ್ದೆನೇನ ಆಕಿಗೆ?” ಸಿಟ್ಟಿನ ಮಾತಿನಂತೆ ಶುರುವಾದದ್ದು ಕೊನೆಗೆ ಹಾಗಿರಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡರು. “ನಾಳಿಂದ ಬಾಗಲಾ ಹಾಕ್ತೀನಿ ತಗೊ. ದೀಪ ಒಳಗ ಇಟ್ಟರಾತು.”

ಅದು ನನಗೆ ಬೇಕಾಗಿರಲಿಲ್ಲ. ಸೊಸೆ ಅಂಜಿದ್ದೂ ಇದಕ್ಕೇ. ಬಾಗಿಲು ತೆರೆದೇ ಇರಬೇಕು, ಮನುಷ್ಯ ಬರಬಾರದು, ಅಂಥದ್ದು ಮಾಡಿಕೊಡುತ್ತೇನೆ ಎಂದೆ. ಮಾಡುವುದು ಹೇಗೆ ಎಂದು ಆಗ ನನಗೂ ಪೂರ್ತಿ ಗೊತ್ತಿರಲಿಲ್ಲ.

ಮುಂಡರಗಿಯ ವೆಲ್ಡರ್ ಒಬ್ಬರನ್ನು ಕರೆತಂದೆ. ಬಾಗಿಲಿನ ಹೊರಗೆ ಒಂದು ಗ್ರಿಲ್ ಗೇಟು. ಮರದ ಕದ ತೆರೆದಿದ್ದರೂ ಅದು ಹಾಕಿರುತ್ತದೆ. ಹೇಳುವುದು ಸಲೀಸು. ಮಣ್ಣಿನ ಗೋಡೆ ಗೇಟಿನ ಭಾರ ತಡೆಯುವುದಿಲ್ಲ. ಹೊಸ್ತಿಲಿಗೆ ಬೋಲ್ಟು ಹೊಡೆಯುತ್ತೇನೆ ಎಂದು ವೆಲ್ಡರ್ ಬಾಯಿ ತೆರೆಯುವಷ್ಟರಲ್ಲಿ ಆ ತಾಯಿ ಹೊಸ್ತಿಲ ಮುಂದೆ ಬಂದು ನಿಂತರು.

“ಹೊಸ್ತಿಲಕ್ಕ ಮೊಳಿ ಹೊಡದ್ರ ನಿನ್ನ ಕೈಗೆ ಹೊಡೀತೀನಿ.”

“ಆತ್ರಿ ಅಮ್ಮಾರ, ಆತು. ಕೈ ಬೇಕ್ರಿ ನನಗ.”

ಕಡೆಗೆ ಹೊಸ್ತಿಲಿನಿಂದ ಒಂದು ಗೇಣು ಹೊರಗೆ, ಕಟ್ಟೆಯ ಹಾಸುಗಲ್ಲಿಗೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ, ಮೇಲೆ ತೊಲೆಗೆ ಪಟ್ಟಿ ಕಟ್ಟಿ ಬಿಗಿದೆವು. ಗೋಡೆಗೆ ಭಾರವೇ ಇಲ್ಲ. ಹೊಸ್ತಿಲು, ದೀಪ, ರಂಗೋಲಿ ಎಲ್ಲ ಗೇಟಿನ ಒಳಗೇ ಉಳಿದವು.

ಆಮೇಲೆ ಸರಳುಗಳ ನಡುವಿನ ಅಂತರದ ಜಗಳ. ವೆಲ್ಡರ್ ಎರಡು ಬೆರಳು ಎಂದರು. ಆ ತಾಯಿ ಒಪ್ಪಲಿಲ್ಲ.

“ಲಕ್ಷ್ಮಿಗೇನು ಜೇಲ ಕಟ್ಟಾಕ ಹೊಂಟೀಯೇನು? ನನ್ನ ಕೈ ಬಳಿ ಸಮೇತ ಹೊರಗ ಹೋಗಬೇಕು. ಮುತ್ತೈದೇರಿಗೆ ಕುಂಕುಮ ಕೊಡಬೇಕು. ನನ್ನ ಕೈ ಹೋಗೂವಷ್ಟು ಜಾಗಾ ಇದ್ರ ಆಕಿ ಬರ್ತಾಳ.”

ಕೈ ಹೊರಗೆ ಹೋಗುವಷ್ಟು ಜಾಗವಿದ್ದರೆ ಹೊರಗಿನ ಕೈಯೂ ಒಳಗೆ ಬಂದು ಚಿಲಕ ತೆಗೆಯುತ್ತದೆ. ಇನ್ನೊಂದು ಮಾತು, ಅಂಬೆಗಾಲಿಡುವ ಕೂಸಿನ ತಲೆ ಆ ಸಂದಿಯಲ್ಲಿ ಸಿಕ್ಕಿಕೊಳ್ಳಬಾರದು. ಅವರ ಬಳೆಗೈಯನ್ನು ಅಳೆದು ಅಷ್ಟೇ ಅಂತರ ಇಡಿಸಿದೆ, ಒಂದು ಕೂದಲೂ ಹೆಚ್ಚಿಲ್ಲ. ಕೂಸಿನ ತಲೆ ಅದಕ್ಕಿಂತ ದೊಡ್ಡದು. ಚಿಲಕವನ್ನು ಒಳಬದಿಯಲ್ಲಿ ಮೂರು ಕಡೆ ತಗಡು ಮುಚ್ಚಿದ ಡಬ್ಬಿಯೊಳಗೆ ಇಡಿಸಿದೆ. ಒಳಗೆ ನಿಂತವರು ಕೆಳಗಿನಿಂದ ಕೈ ಹಾಕಿ ತೆಗೆಯಬೇಕು, ಹೊರಗಿನಿಂದ ಮೊಣಕೈ ಅಷ್ಟು ಮಡಚುವುದಿಲ್ಲ. ವೆಲ್ಡರರ ಕೈ ಉದ್ದ, ತೆಳು. ಹೊರಗೆ ನಿಲ್ಲಿಸಿ ತೆಗೆಯಲು ಹೇಳಿದೆ. ಮೊದಲ ಸಲ ತೆಗೆದೇಬಿಟ್ಟರು. ತಗಡನ್ನು ಕೆಳಗೆ ಇನ್ನಷ್ಟು ಇಳಿಸಿದೆವು. ಎರಡನೆಯ ಸಲ ಕೈ ಸಿಕ್ಕಿಕೊಂಡು ಕೂಗಾಡಿದರು. ಆ ತಾಯಿ ಕೊಬ್ಬರಿ ಎಣ್ಣೆ ತಂದು ಹಚ್ಚಿ ಬಿಡಿಸುತ್ತ, “ಈಗ ನನಗ ಖಾತ್ರಿ ಆತ ನೋಡು,” ಎಂದರು.

ಸೆನ್ಸರನ್ನು ಮರದ ಕದದಿಂದ ಬಿಚ್ಚಿ ಗೇಟಿಗೆ ಹಾಕಿದೆ. ಕಬ್ಬಿಣದ ಮೇಲೆ ಅಯಸ್ಕಾಂತದ ಶಕ್ತಿ ಸೋರಿಹೋಗಿ ಸುಳ್ಳುಸುಳ್ಳೇ ಹೊಡೆದುಕೊಳ್ಳುತ್ತಿತ್ತು. ಎರಡೂ ತುಂಡುಗಳ ಹಿಂದೆ ಮರದ ಚೂರು ಕೊಟ್ಟು ಕಬ್ಬಿಣದಿಂದ ದೂರ ಇಟ್ಟ ಮೇಲೆ ಸುಮ್ಮನಾಯಿತು. ಆ ಸಂಜೆ ಅವರು ಪೆಟ್ಟಿಗೆ ಚಾಲೂ ಇಟ್ಟೇ ಎರಡೂ ಕದ ತೆರೆದರು. ಸೈರನ್ನು ಮಿಸುಕಲಿಲ್ಲ. ದೀಪದ ಬೆಳಕು ಸರಳುಗಳ ನಡುವೆ ಹಾದು ಕಟ್ಟೆಯ ಮೇಲೆ ಬಿತ್ತು. ಅವರು ಕೈ ಹೊರಗೆ ಚಾಚಿ, ಎದುರಿನ ಮನೆಯಾಕೆಯ ಹಣೆಗೆ ಕುಂಕುಮ ಹಚ್ಚಿದರು.

ಮರುದಿನ ಬೆಳಗಿನ ಬಸ್ಸಿಗೆ ಅವರೊಬ್ಬರೇ ಹಿರೇವಡ್ಡಟ್ಟಿಗೆ ಹೋದರಂತೆ. ಮಗ ಜೊತೆಗೆ ಬರುತ್ತೇನೆ ಅಂದರೆ ಬೇಡ ಅಂದರಂತೆ. ಅಲ್ಲಿ ಅತ್ತೆ ಸೊಸೆ ಏನು ಮಾತಾಡಿಕೊಂಡರೋ ನನಗೆ ಗೊತ್ತಿಲ್ಲ. ಮಧ್ಯಾಹ್ನದ ಬಸ್ಸಿನಲ್ಲಿ ಮೂವರೂ ಬಂದಿಳಿದರು ಎಂದಷ್ಟೇ ಯಜಮಾನರು ಫೋನಿನಲ್ಲಿ ಹೇಳಿದರು. ನಾನು ಗದಗದಲ್ಲಿ ಒಂದು ಅಂಗಡಿಯ ನಿಚ್ಚಣಿಕೆಯ ಮೇಲಿದ್ದೆ. ಇಳಿದು ಸ್ವಲ್ಪ ಹೊತ್ತು ಕೆಳಗೆ ಕುಳಿತೆ.

ವಾರ ಬಿಟ್ಟು ಕೊನೆಯ ತಪಾಸಣೆಗೆಂದು ಹೋದೆ. ಇಳಿಹೊತ್ತು. ಕದಗಳು ತೆರೆದಿದ್ದವು, ಗೇಟು ಹಾಕಿತ್ತು. ಕೂಗುವಷ್ಟರಲ್ಲಿ ಆ ತಾಯಿ ಒಳಗಿನಿಂದ ಬಂದು ಬಾಯಿ ಮೇಲೆ ಬೆರಳಿಟ್ಟರು. ಅವರ ಹೆಗಲ ಮೇಲಿಂದ ನೋಡಿದೆ. ಪಡಸಾಲೆಯಲ್ಲಿ, ತೊಟ್ಟಿಲ ಕೆಳಗೆ ಚಾಪೆ ಹಾಸಿಕೊಂಡು ಸೊಸೆ ಮಲಗಿದ್ದಳು. ಬಾಯಿ ತುಸು ತೆರೆದಿತ್ತು. ಒಂದು ಕೈ ತೊಟ್ಟಿಲ ಹಗ್ಗದ ಮೇಲಿತ್ತು, ತೂಗುವುದು ಯಾವಾಗಲೋ ನಿಂತಿತ್ತು.

“ಮಧ್ಯಾಹ್ನದಾಗಿಂದ ಮಲಗ್ಯಾಳ,” ಪಿಸುಗುಟ್ಟಿದರು ಅವರು. “ಗೇಟ ತಗದ್ರ ಕಿರ್ ಅಂತೈತಿ. ಎಚ್ಚರ ಆದಾಳು.”

“ಅಮ್ಮಾರ, ತಪಾಸಣಿ ಮಾಡಬೇಕ್ರಿ.”

“ಅಲ್ಲೇ ಕುಂಡ್ರು.”

ಕಟ್ಟೆಯ ಮೇಲೆ ಕುಳಿತೆ. ಒಳಗೆ ಸ್ಟೋವಿನ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಬಳೆಗಳ ಕೈಯೊಂದು ಸರಳುಗಳ ನಡುವಿನಿಂದ ಹೊರಗೆ ಬಂತು, ಕೈಯಲ್ಲಿ ಚಹಾ. ಕಪ್ಪಿನ ಕೆಳಗಿನ ಬಸಿ ಆ ಸಂದಿಯಲ್ಲಿ ಹಿಡಿಯುವುದಿಲ್ಲ, ಬರೀ ಸಣ್ಣ ಕಪ್ಪಷ್ಟೇ ಬಂತು. ಒಂದು ಹನಿಯೂ ಚೆಲ್ಲಲಿಲ್ಲ. ನಾನು ಅದನ್ನು ಬೀದಿಯ ಕಡೆ ಮುಖ ಮಾಡಿ, ನಾನೇ ಹಾಕಿದ ಗೇಟಿನ ಹೊರಗೆ ಕುಳಿತು, ನಿಧಾನ ಕುಡಿದೆ.